ಸದ್ದು ಮಾಡುವ ವಾಲ್ವ್, ಸುಮ್ಮನಾದ ವಾಲ್ವ್: ಹಳೆ ಅಂಬಾಸಿಡರ್‌ನ ಇಂಜಿನ್ ತಲೆ ಓದುವುದು ಹೇಗೆ

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಹಳೆ ಗಾಡಿಗಳನ್ನು ನೋಡುವ ಉಸ್ತಾದ್ ಒಬ್ಬರಿದ್ದಾರೆ. ನಮ್ಮ ಅಂಬಾಸಿಡರ್‌ನ ಬಾನೆಟ್ ಎತ್ತಿದ ದಿನ ಅವರು ಮೊದಲು ಪಾನಾ ಹಿಡಿಯಲಿಲ್ಲ. ಇಂಜಿನ್ ಚಾಲೂ ಮಾಡಿಸಿದರು. ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು ಅದರ ತುದಿಯನ್ನು ಇಂಜಿನ್ ಮೇಲಿನ ಮುಚ್ಚಳಕ್ಕೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ಒಂದೊಂದೇ ಜಾಗಕ್ಕೆ ಸರಿಸುತ್ತಾ ಐದು ನಿಮಿಷ ಕೇಳಿದರು. ಆಮೇಲೆ ಹೇಳಿದ್ದು ಇಷ್ಟೇ: "ತಮ್ಮಾ, ಏಳು ವಾಲ್ವ್ ಮಾತಾಡ್ತಾವೆ. ಒಂದು ಸುಮ್ನೈತೆ. ನಂಗೆ ಅದರದ್ದೇ ಚಿಂತೆ." ವಾಲ್ವ್ ಅಂದರೆ ಸಿಲಿಂಡರ್‌ನೊಳಗೆ ಪೆಟ್ರೋಲ್-ಗಾಳಿ ಬಿಡುವ, ಹೊಗೆ ಹೊರಗೆ ಬಿಡುವ ಬಾಗಿಲು.

ಅದಕ್ಕೆ ಎರಡು ತಿಂಗಳ ಮೊದಲು ಬೇರೊಂದು ಗ್ಯಾರೇಜಿಗೆ ಹೋಗಿ, ಒಂದೇ ಕಡೆಯಿಂದ ಕಟಕಟ ಸದ್ದು ಜಾಸ್ತಿ ಬರುತ್ತಿದೆ, ನಿಲ್ಲಿಸಿಕೊಡಿ ಅಂದಿದ್ದೆವು. ಅಲ್ಲಿ ಆ ಕಡೆಯ ವಾಲ್ವ್‌ನ ಸ್ಕ್ರೂವನ್ನು ಸದ್ದು ನಿಲ್ಲುವವರೆಗೂ ಬಿಗಿ ಮಾಡಿ ಕಳಿಸಿದರು. ಮನೆಯವರಿಗೆಲ್ಲ ಖುಷಿಯಾಯಿತು. ಆಮೇಲೆ ಒಂದು ದಿನ ಸಿರುಗುಪ್ಪ ರಸ್ತೆಯಲ್ಲಿ ಗಾಡಿ ಮೂರೇ ಸಿಲಿಂಡರ್‌ನಲ್ಲಿ ತೂಗಾಡತೊಡಗಿತು. ಹೆಡ್, ಅಂದರೆ ಇಂಜಿನ್‌ನ ತಲೆಭಾಗ, ಬಿಚ್ಚಿದಾಗ ಮೂರನೇ ಸಿಲಿಂಡರ್‌ನ ಎಕ್ಸಾಸ್ಟ್ ವಾಲ್ವ್‌ನ (ಹೊಗೆ ಹೊರಗೆ ಬಿಡುವುದರ) ಅಂಚು ರೊಟ್ಟಿ ತುಂಡು ಮುರಿದಂತೆ ಸುಟ್ಟು ಹೋಗಿತ್ತು. ಎಲ್ಲರೂ ಸದ್ದನ್ನೇ ರೋಗ ಅಂದುಕೊಂಡಿದ್ದೆವು. ಸದ್ದು ನಿಂತ ದಿನದಿಂದಲೇ ವಾಲ್ವ್ ಸುಡಲು ಶುರುವಾಗಿತ್ತು.

ಹಾಗೇಕೆ ಆಯಿತು ಅನ್ನುವುದು ತಿಳಿಯಬೇಕಾದರೆ ಈ ಇಂಜಿನ್‌ನ ತಲೆಯೊಳಗೆ ಯಾವುದು ಯಾವುದನ್ನು ತಳ್ಳುತ್ತದೆ ಅನ್ನುವುದು ಮೊದಲು ಗೊತ್ತಿರಬೇಕು.

ಹಿಂದೂಸ್ತಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರ ಮೇ ತಿಂಗಳವರೆಗೂ ಅಂಬಾಸಿಡರ್ ತಯಾರಿಸಿತು. ಅದರ ಹಳೆ ಪೆಟ್ರೋಲ್ ಇಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನ ಬಿ-ಸೀರೀಸ್ ಜಾತಿಯದು. 1489 ಸಿಸಿ, ನಾಲ್ಕು ಸಿಲಿಂಡರ್, ಎಂಟು ವಾಲ್ವ್. ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲಿ ಇದ್ದದ್ದೂ ಇದರದೇ ಮನೆತನದ ದೊಡ್ಡ ಇಂಜಿನ್. 1990ರ ದಶಕದಲ್ಲಿ ಬಂದ ಇಸುಜು ಇಂಜಿನ್‌ನ ಕಥೆ ಬೇರೆ. ಇಲ್ಲಿ ಹೇಳುವುದು ಹಳೆಯದಕ್ಕೆ.

ಈ ಇಂಜಿನ್‌ನಲ್ಲಿ ಕ್ಯಾಮ್ ಶಾಫ್ಟ್, ಅಂದರೆ ವಾಲ್ವ್‌ಗಳನ್ನು ಆಡಿಸುವ ಉಬ್ಬುಗಳ ಸರಳು, ಇರುವುದು ಕೆಳಗೆ, ಬ್ಲಾಕಿನೊಳಗೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಚೈನಿನ ಮೂಲಕ ಅದು ಒಂದು ಸುತ್ತು ತಿರುಗುತ್ತದೆ. ಅದರ ಮೇಲಿನ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ ಪುಶ್ ರಾಡನ್ನು, ಪುಶ್ ರಾಡ್ ರಾಕರ್‌ನ ಒಂದು ತುದಿಯನ್ನು ಎತ್ತುತ್ತದೆ. ರಾಕರ್ ಏತದ ಹಾಗೆ ಇನ್ನೊಂದು ತುದಿಯಿಂದ ವಾಲ್ವನ್ನು ಒತ್ತುತ್ತದೆ. ಒತ್ತಡ ಹೋದ ಮೇಲೆ ಸ್ಪ್ರಿಂಗ್ ವಾಲ್ವನ್ನು ಮತ್ತೆ ಎಳೆದು ಸೀಟಿನ ಮೇಲೆ, ಅಂದರೆ ಅದು ಮುಚ್ಚಿ ಕೂರುವ ಅಂಚಿನ ಮೇಲೆ, ಕೂರಿಸುತ್ತದೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಇಷ್ಟು ಕೈ ಬದಲಾಗುವ ಕೆಲಸದಲ್ಲಿ ಎಲ್ಲಿ ಬೇಕಾದರೂ ಸವೆತ ಬರಬಹುದು, ಅಲ್ವಾ?

ಈ ಸಾಲಿನಲ್ಲಿ ಒಂದು ಕಡೆ ಬೇಕಂತಲೇ ಸಂದು ಬಿಟ್ಟಿರುತ್ತಾರೆ. ವಾಲ್ವ್ ಮುಚ್ಚಿರುವಾಗ ರಾಕರ್‌ಗೂ ವಾಲ್ವ್ ಕಡ್ಡಿಗೂ ನಡುವೆ ಇರುವ ಗ್ಯಾಪ್ ಅದು. ರಾಕರ್‌ನ ತುದಿಯಲ್ಲಿರುವ ಸ್ಕ್ರೂ ತಿರುಗಿಸಿ ಅದನ್ನು ಹೊಂದಿಸುತ್ತಾರೆ. ಈ ಇಂಜಿನ್‌ಗೆ 15 ಥೌ, ಅಂದರೆ ಇಂಚಿನ ಸಾವಿರದಲ್ಲಿ 15 ಭಾಗ, ಸುಮಾರು 0.38 ಮಿ.ಮೀ. ಬಿಸಿಗೆ ವಾಲ್ವ್ ಉದ್ದವಾಗುತ್ತದೆ. ಅದು ಬೆಳೆಯಲು ಜಾಗ ಬೇಕು. ಜಾಗ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ಬಿಟ್ಟುಕೊಡುವುದು ಸೀಟಿಗೆ ಅಂಟಿಕೊಂಡಿರುವ ಆ ಒಂದು ಚಣದಲ್ಲೇ. ಅಂಟದಿದ್ದರೆ ಬಿಸಿ ಹೋಗಲು ದಾರಿ ಇಲ್ಲ. ಉರಿಯುವ ಗ್ಯಾಸ್ ಅದೇ ಸಂದಿಯಲ್ಲಿ ನುಗ್ಗಿ ಅಂಚನ್ನು ಕೊಯ್ಯುತ್ತದೆ. ನಮ್ಮ ಮೂರನೇ ಸಿಲಿಂಡರ್‌ನ ಎಕ್ಸಾಸ್ಟ್ ವಾಲ್ವ್‌ಗೆ, ಅಂದರೆ ಮುಂದಿನಿಂದ ಎಣಿಸಿದರೆ ಐದನೆಯದಕ್ಕೆ, ಆಗಿದ್ದು ಇದೇ. ನಮ್ಮ ಬಳ್ಳಾರಿಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ, ಇಂಜಿನ್‌ಗೆ ತಣ್ಣಗಾಗುವುದು ಮೊದಲೇ ಕಷ್ಟ.

ಹಾಗಾಗಿ ಈ ಇಂಜಿನ್‌ನ ಮೇಲಿಂದ ಒಂದೇ ಸಮನೆ, ಹೊಲಿಗೆ ಮಿಷನ್ನಿನ ಹಾಗೆ ಮೆಲ್ಲಗೆ ಟಿಕಟಿಕ ಬರುತ್ತಿದ್ದರೆ ಅದನ್ನು ಬಿಟ್ಟುಬಿಡಿ. ಅದು ಆರೋಗ್ಯದ ಸದ್ದು. ಎಂಟರಲ್ಲಿ ಒಂದು ಬೇರೆ ಥರ ಕೇಳಿದರೆ ಮಾತ್ರ ಹುಡುಕಲು ಶುರು ಮಾಡಿ.

ಗ್ಯಾಪ್ ಏನು ಹೇಳುತ್ತದೆ

ಗ್ಯಾಪ್ ಹೊಂದಿಸುವುದನ್ನು ಸುಮಾರು ಜನ ಒಂದು ಸರ್ವಿಸ್ ಕೆಲಸ ಅಂತ ಮಾಡಿ ಮರೆತುಬಿಡುತ್ತಾರೆ. ಹೊಂದಿಸುವ ಮೊದಲು ಇದ್ದ ಅಳತೆಯನ್ನು ಬರೆದಿಟ್ಟುಕೊಳ್ಳುವವರು ತೀರಾ ಕಡಿಮೆ. ನಾನು ಈ ಲೇಖನ ಬರೆಯುತ್ತಿರುವುದೇ ಆ ಒಂದು ಮಾತಿಗಾಗಿ. ಒಂದು ನೋಟ್‌ಬುಕ್ ಇಡಿ. ಪ್ರತಿ ಸಲ, ಸ್ಕ್ರೂ ಮುಟ್ಟುವ ಮೊದಲು, ಎಂಟೂ ಗ್ಯಾಪ್ ಅಳೆದು ಕಿಲೋಮೀಟರ್ ಜೊತೆ ಬರೆಯಿರಿ.

ಯಾಕೆಂದರೆ ಗ್ಯಾಪ್ ಎರಡು ದಿಕ್ಕಿಗೆ ಬದಲಾಗುತ್ತದೆ. ಎರಡಕ್ಕೂ ಕಾರಣ ಬೇರೆ. ಹೊಂದಿಸಿದ ಮೇಲೆ ಗ್ಯಾಪ್ ಹೆಚ್ಚಾಗುತ್ತಾ ಹೋದರೆ ತಳ್ಳುವ ಸಾಲಿನಲ್ಲಿ ಯಾವುದೋ ಲೋಹ ತೇಯುತ್ತಿದೆ ಅಂತ ಅರ್ಥ. ಕ್ಯಾಮ್, ಟ್ಯಾಪೆಟ್, ಪುಶ್ ರಾಡ್ ತುದಿ, ರಾಕರ್, ಇವುಗಳಲ್ಲಿ ಒಂದು. ಗ್ಯಾಪ್ ಕಡಿಮೆ ಆಗುತ್ತಾ ಹೋದರೆ ವಾಲ್ವ್ ಸೀಟಿನೊಳಗೆ ಇಳಿಯುತ್ತಿದೆ. ತಲೆ ಇಳಿದಷ್ಟೂ ಅದರ ಕಡ್ಡಿ ಮೇಲಕ್ಕೆ ಬರುತ್ತದೆ, ಸಂದು ಮುಚ್ಚುತ್ತದೆ. ಹೆಚ್ಚುವ ಗ್ಯಾಪ್ ಸದ್ದು ಮಾಡಿ ಹೇಳುತ್ತದೆ. ಕಡಿಮೆಯಾಗುವ ಗ್ಯಾಪ್ ಹೇಳುವುದೇ ಇಲ್ಲ. ಅಳತೆ ಬಿಟ್ಟರೆ ಅದನ್ನು ಹಿಡಿಯಲು ಬೇರೆ ದಾರಿ ಕಷ್ಟ.

ಈ ಎರಡನೆಯದಕ್ಕೆ ಹಳೆ ಅಂಬಾಸಿಡರ್‌ನಲ್ಲಿ ಒಂದು ವಿಶೇಷ ಕಾರಣ ಇದೆ. ಇದರ ಹೆಡ್ ಬೀಡು ಕಬ್ಬಿಣದ್ದು, ವಾಲ್ವ್ ಸೀಟನ್ನು ಅದರಲ್ಲೇ ಕೊರೆದಿರುತ್ತಾರೆ. ಹಿಂದಿನ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಅದು ಸೀಟಿನ ಮೇಲೆ ತೆಳು ಪದರವಾಗಿ ಕೂತು ವಾಲ್ವ್‌ನ ಹೊಡೆತವನ್ನು ತಡೆಯುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸ ಇಲ್ಲದ ಪೆಟ್ರೋಲೇ ಸಿಗುತ್ತಿದೆ. ಜನರ ಆರೋಗ್ಯಕ್ಕೆ ಅದು ಆಗಲೇಬೇಕಿದ್ದ ಕೆಲಸ. ಆದರೆ ಮೆತ್ತನೆ ಸೀಟಿನ ಹಳೆ ಇಂಜಿನ್‌ಗೆ ಆ ಪದರ ಹೋಯಿತು. ಎಕ್ಸಾಸ್ಟ್ ವಾಲ್ವ್‌ಗಳ ಗ್ಯಾಪ್ ಪದೇ ಪದೇ ಬಿಗಿಯಾಗುತ್ತಿದ್ದರೆ ಲೇತ್ ಅಂಗಡಿಯಲ್ಲಿ ಹಳೆ ಸೀಟನ್ನು ಕೊರೆದು ಗಟ್ಟಿ ಲೋಹದ ಸೀಟ್ ಉಂಗುರ ಕೂರಿಸಬೇಕು. ಸುಮ್ನೆ ಗ್ಯಾಪ್ ಬಿಡಿಸುತ್ತಾ ಹೋದರೆ ಪ್ರಯೋಜನ ಇಲ್ಲ.

ಅಳೆಯುವ ಕ್ರಮ ಸುಲಭ. ನಾಲ್ಕೂ ಪ್ಲಗ್ ಬಿಚ್ಚಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಮುಂದಿನಿಂದ ಹ್ಯಾಂಡಲ್ ಹಾಕಿ ಇಂಜಿನ್ ತಿರುಗಿಸಿ. ವಾಲ್ವ್‌ಗಳನ್ನು ರೇಡಿಯೇಟರ್ ಕಡೆಯಿಂದ ಒಂದರಿಂದ ಎಂಟರವರೆಗೆ ಎಣಿಸಿಕೊಳ್ಳಿ. 1, 4, 5, 8 ಎಕ್ಸಾಸ್ಟ್. 2, 3, 6, 7 ಇನ್ಲೆಟ್, ಅಂದರೆ ಒಳಗೆ ಬಿಡುವವು. ಈಗ ಒಂಬತ್ತರ ಲೆಕ್ಕ. ಎಂಟನೆಯದು ಪೂರ್ತಿ ಕೆಳಗೆ ಒತ್ತಿದಾಗ ಒಂದನೆಯದರ ಗ್ಯಾಪ್ ನೋಡಿ. ಆರನೆಯದು ಒತ್ತಿದಾಗ ಮೂರನೆಯದು, ನಾಲ್ಕು ಒತ್ತಿದಾಗ ಐದು, ಏಳು ಒತ್ತಿದಾಗ ಎರಡು. ಎರಡನ್ನೂ ಕೂಡಿದರೆ ಯಾವಾಗಲೂ ಒಂಬತ್ತು ಬರಬೇಕು. ಒಂದು ಪೂರ್ತಿ ತೆರೆದಿದ್ದಾಗ ಅದರ ಜೋಡಿಯ ಟ್ಯಾಪೆಟ್ ಕ್ಯಾಮ್‌ನ ಬೆನ್ನ ಮೇಲೆ, ಉಬ್ಬಿನಿಂದ ದೂರ ಇರುತ್ತದೆ. ಲೆಕ್ಕ ಇಷ್ಟೇ. ಇಂಜಿನ್ ಬಿಸಿ ಇದ್ದಾಗಲೋ ತಣ್ಣಗಿದ್ದಾಗಲೋ ಅನ್ನುವುದಕ್ಕೆ ನಿಮ್ಮ ಮಾಡೆಲ್‌ನ ಮ್ಯಾನುಯಲ್ ಹೇಳಿದ್ದನ್ನೇ ಹಿಡಿಯಿರಿ, ಪ್ರತಿ ಸಲವೂ ಒಂದೇ ಸ್ಥಿತಿಯಲ್ಲಿ ಅಳೆಯಿರಿ. ಇಲ್ಲದಿದ್ದರೆ ನೋಟ್‌ಬುಕ್ಕಿನ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ.

ಗ್ಯಾಪ್ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಕೂಡ ಸುಳ್ಳು ಹೇಳಬಲ್ಲದು. ವರ್ಷಗಟ್ಟಲೆ ವಾಲ್ವ್ ಕಡ್ಡಿಯನ್ನು ಒತ್ತಿ ಒತ್ತಿ ರಾಕರ್‌ನ ಮೂಗಿನಲ್ಲಿ ಕಡ್ಡಿಯ ಅಗಲದಷ್ಟೇ ಒಂದು ಕುಳಿ ಬೀಳುತ್ತದೆ. ಗೇಜ್‌ನ ಚಪ್ಪಟೆ ಪಟ್ಟಿ ಆ ಕುಳಿಯ ದಡದಿಂದ ದಡಕ್ಕೆ ಸೇತುವೆ ಹಾಗೆ ನಿಲ್ಲುತ್ತದೆ. ಕುಳಿ 5 ಥೌ ಆಳ ಇದ್ದರೆ ಗೇಜ್ 15 ಅಂದಾಗ ನಿಜವಾದ ಗ್ಯಾಪ್ 20 ಇರುತ್ತದೆ. "ಈಗಷ್ಟೇ ಸೆಟ್ ಮಾಡಿದ್ದೀನಿ, ಆದರೂ ಸದ್ದು" ಅನ್ನುವವರ ಗಾಡಿಯಲ್ಲಿ ಮೊದಲು ಇದನ್ನೇ ನೋಡಬೇಕು. ಬೆರಳ ಉಗುರು ಮೂಗಿನ ಮೇಲೆ ಎಳೆದರೆ ಕುಳಿ ಸಿಗುತ್ತದೆ. ತೀರಾ ಸಣ್ಣದಿದ್ದರೆ ಸಾಣೆ ಕಲ್ಲಿನಲ್ಲಿ ಅದರ ಕಮಾನು ಕೆಡದಂತೆ ಉಜ್ಜಬಹುದು. ಆಳ ಇದ್ದರೆ ರಾಕರ್ ಬದಲಿಸಿ. ಗಟ್ಟಿ ಮಾಡಿದ ಪದರ ಮೇಲೆ ಮೇಲೆ ಮಾತ್ರ ಇರುತ್ತದೆ. ಅದು ಉಜ್ಜಿ ಹೋದರೆ ಹೊಸ ಕುಳಿ ಬೇಗ ಬೀಳುತ್ತದೆ.

ಸದ್ದಿನ ಮನೆ ಹುಡುಕುವುದು

ಯಾವ ರಾಕರ್ ಸದ್ದು ಮಾಡುತ್ತಿದೆ ಅಂತ ತಿಳಿಯಲು ಉಸ್ತಾದ್ ತೋರಿಸಿದ ಕ್ರಮ ಹೀಗಿದೆ. ಮೇಲಿನ ಮುಚ್ಚಳ ತೆಗೆದು ಇಂಜಿನ್ ನಿಧಾನಕ್ಕೆ ಓಡಲು ಬಿಡಿ. ಸಡಿಲ ತೋಳು, ಟವೆಲ್ ಏನೂ ಫ್ಯಾನ್ ಹತ್ತಿರ ಬರಬಾರದು. ಫೀಲರ್ ಗೇಜ್‌ನ ಪಟ್ಟಿಯನ್ನು ಒಂದೊಂದೇ ಗ್ಯಾಪಿಗೆ ತೂರಿಸಿ. ಯಾವುದಕ್ಕೆ ತೂರಿಸಿದಾಗ ಸದ್ದು ನಿಲ್ಲುತ್ತದೋ ಅದೇ ಅಪರಾಧಿ. ಯಾವುದಕ್ಕೂ ನಿಲ್ಲದಿದ್ದರೆ ಸದ್ದು ಬೇರೆ ಕಡೆಯದು. ಮುಂಭಾಗದಲ್ಲಿ ಗರಗರ ಅಂದರೆ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಇರಬಹುದು. ಹೆಡ್‌ನಿಂದ ಹೊಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಪ್ಯಾಕಿಂಗ್ ಹೋಗಿದ್ದರೂ ಥೇಟ್ ಟ್ಯಾಪೆಟ್ ಥರವೇ ಟಿಕ್ ಟಿಕ್ ಅನ್ನುತ್ತದೆ. ಕೂಡುವ ಜಾಗದಲ್ಲಿ ಕಪ್ಪು ಮಸಿಯ ಗುರುತು ಇದೆಯಾ ನೋಡಿ. ಸಾವಿರ ರೂಪಾಯಿ ಕೆಲಸ ಮಾಡಿಸಿದ ಮೇಲೆ ಅದು ಬರೀ ಪ್ಯಾಕಿಂಗ್ ಅಂತ ಗೊತ್ತಾದರೆ ಬೇಜಾರಾಗುತ್ತದೆ.

ಮುಚ್ಚಳ ತೆಗೆದಾಗಲೇ ಇನ್ನೊಂದು ಗಮನಿಸಿ. ಪುಶ್ ರಾಡ್‌ಗಳು ಮೇಲೆ ಕೆಳಗೆ ಆಡುತ್ತಾ ನಿಧಾನಕ್ಕೆ ಸುತ್ತುತ್ತಿರಬೇಕು. ಕೆಳಗೆ ಟ್ಯಾಪೆಟ್ ಸುತ್ತುತ್ತಿದೆ ಅನ್ನುವುದಕ್ಕೆ ಅದು ಗುರುತು. ಸುತ್ತುವ ಟ್ಯಾಪೆಟ್‌ನ ಮುಖ ಎಲ್ಲ ಕಡೆ ಸಮನಾಗಿ ತೇಯುತ್ತದೆ. ನಿಂತ ಟ್ಯಾಪೆಟ್ ಒಂದೇ ಗೆರೆಯಲ್ಲಿ ತೇದು, ಜೊತೆಗೆ ಕ್ಯಾಮ್ ಉಬ್ಬನ್ನೂ ತಿನ್ನುತ್ತದೆ.

ಆಮೇಲೆ ರಾಕರ್ ಶಾಫ್ಟ್, ರಾಕರ್‌ಗಳೆಲ್ಲ ಕೂತು ತೂಗುವ ಸರಳು. ನಮ್ಮ ಗಾಡಿಯ ಅಸಲು ರೋಗ ಇದ್ದದ್ದು ಇಲ್ಲೇ. ಇಂಜಿನ್ ನಿಲ್ಲಿಸಿ, ವಾಲ್ವ್ ಮುಚ್ಚಿರುವ ಸ್ಥಿತಿಯಲ್ಲಿ ರಾಕರ್‌ನ ನಡುಭಾಗ ಹಿಡಿದು ನೇರ ಮೇಲಕ್ಕೆ ಕೆಳಕ್ಕೆ ಅಲ್ಲಾಡಿಸಿ. ತೂಗಬಹುದು, ಆದರೆ ನಡುಭಾಗ ಎದ್ದು ಕೂರಬಾರದು. ನಮ್ಮ ಐದನೆಯದು ಚೆನ್ನಾಗಿಯೇ ಎದ್ದು ಕೂರುತ್ತಿತ್ತು. ಮೇಲಿನಿಂದ ನೋಡಿದರೆ ಶಾಫ್ಟ್ ಹೊಸದರ ಹಾಗೆ ಹೊಳೆಯುತ್ತಿತ್ತು. ಅದಕ್ಕೆ ಕಾರಣ ಇದೆ. ಒಂದು ತುದಿಯಲ್ಲಿ ಪುಶ್ ರಾಡ್ ಮೇಲಕ್ಕೆ ಒತ್ತುತ್ತದೆ, ಇನ್ನೊಂದು ತುದಿಯಲ್ಲಿ ಸ್ಪ್ರಿಂಗ್ ಕೂಡ ಮೇಲಕ್ಕೇ ಒತ್ತುತ್ತದೆ. ಹೀಗಾಗಿ ಭಾರವೆಲ್ಲ ಶಾಫ್ಟಿನ ಹೊಟ್ಟೆಯ ಮೇಲೆ ಬೀಳುತ್ತದೆ, ಸವೆತವೂ ಅಲ್ಲೇ. ಬಿಚ್ಚಿ ಕೆಳಗಡೆ ಉಗುರು ಎಳೆದಾಗ ಮೆಟ್ಟಿಲು ಮೆಟ್ಟಿಲಾಗಿ ಸಿಕ್ಕಿತು. ಬುಷ್ (ರಾಕರ್‌ನೊಳಗೆ ಶಾಫ್ಟ್ ಹಾಯುವ ಲೋಹದ ಬಳೆ) ಸಡಿಲ ಇದ್ದರೆ ಗ್ಯಾಪ್ ಎಷ್ಟೇ ಸರಿ ಇದ್ದರೂ ರಾಕರ್ ಬಡಿಯುತ್ತದೆ. ಆ ಬಡಿತವನ್ನು ಸ್ಕ್ರೂ ತಿರುಗಿಸಿ ನಿಲ್ಲಿಸಲು ಹೊರಟರೆ ಗ್ಯಾಪ್ ಪೂರ್ತಿ ಹೋಗುತ್ತದೆ. ಮೊದಲ ಗ್ಯಾರೇಜಿನಲ್ಲಿ ಆದ ತಪ್ಪು ಇದು.

ಶಾಫ್ಟ್ ಟೊಳ್ಳು. ಅದರೊಳಗಿಂದಲೇ ರಾಕರ್‌ಗಳಿಗೆ ಆಯಿಲ್ ಬರುತ್ತದೆ. ಒಂದು ತುದಿಯ ಬಿರಡೆ ಬಿಚ್ಚಿದಾಗ ಒಳಗೆ ಡಾಂಬರಿನಂಥ ಕೊಳೆ ಸಿಕ್ಕಿತು. ಶಾಫ್ಟ್ ಮಾತ್ರ ಬದಲಿಸಿ ಹಳೆ ಬುಷ್ ಉಳಿಸಬೇಡಿ. ಎರಡೂ ಒಟ್ಟಿಗೆ ಬದಲಾಗಬೇಕು. ಬುಷ್ ಕೂರಿಸುವಾಗ ಆಯಿಲ್ ತೂತು ರಾಕರ್‌ನ ತೂತಿಗೆ ಸರಿಯಾಗಿ ಹೊಂದಬೇಕು, ಆಮೇಲೆ ರೀಮರ್ ಹಾಕಿ ಬುಷ್‌ನ ಒಳಭಾಗವನ್ನು ಶಾಫ್ಟ್ ಅಳತೆಗೆ ಕೆರೆಯಬೇಕು.

ರಾಕರ್ ಶಾಫ್ಟ್ ಬಿಚ್ಚುವಾಗ ಈ ಇಂಜಿನ್‌ನಲ್ಲಿ ಒಂದು ಅಪಾಯ ಇದೆ, ದಯವಿಟ್ಟು ನೆನಪಿಡಿ. ಶಾಫ್ಟಿನ ಕಾಲುಗಳನ್ನು ಹಿಡಿದ ನಟ್‌ಗಳಲ್ಲಿ ನಾಲ್ಕು ಹೆಡ್ಡನ್ನೂ ಹಿಡಿದಿರುತ್ತವೆ. ಅವಷ್ಟನ್ನೇ ಬಿಚ್ಚಿದರೆ ಹೆಡ್‌ನ ಒಂದು ಪಕ್ಕ ಬಿಗಿ, ಇನ್ನೊಂದು ಪಕ್ಕ ಸಡಿಲ ಆಗುತ್ತದೆ. ಹೆಡ್ ಸೊಟ್ಟಗಾಗಬಹುದು, ಸಿಲಿಂಡರ್‌ಗೆ ನೀರು ಇಳಿಯಬಹುದು. ಮೊದಲು ರೇಡಿಯೇಟರ್ ನೀರು ಖಾಲಿ ಮಾಡಿ. ಆಮೇಲೆ ಹೆಡ್‌ನ ಎಲ್ಲ ನಟ್‌ಗಳನ್ನೂ ಸ್ವಲ್ಪ ಸ್ವಲ್ಪವೇ, ಸುತ್ತಿ ಸುತ್ತಿ ಸಡಿಲಿಸಿ. ಬಿಗಿ ಮಾಡುವಾಗಲೂ ಹಾಗೇ, ನಡುವಿನಿಂದ ಹೊರಕ್ಕೆ, ಟಾರ್ಕ್ ಪಾನಾದಲ್ಲಿ.

ಪುಶ್ ರಾಡ್ ಎತ್ತುವಾಗ ಸ್ವಲ್ಪ ತಿರುಗಿಸಿ, ಪಕ್ಕಕ್ಕೆ ತಟ್ಟಿ ಎತ್ತಿ. ಆಯಿಲ್‌ನ ಅಂಟಿಗೆ ಟ್ಯಾಪೆಟ್ ಕೂಡ ಜೊತೆಗೆ ಎದ್ದು ಜಾಗ ತಪ್ಪಬಹುದು. ನಮ್ಮೂರಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೇನು ಕಡಿಮೆ ಇಲ್ಲ. ಅಲ್ಲಿಂದ ಒಂದು ರಟ್ಟಿನ ಡಬ್ಬಿ ತಂದು ಎಂಟು ತೂತು ಮಾಡಿ ನಂಬರ್ ಬರೆದೆವು. ಬಿಚ್ಚಿದ್ದೆಲ್ಲ ಅದರದರ ತೂತಿಗೆ. ಒಂದಕ್ಕೊಂದು ಉಜ್ಜಿಕೊಂಡು ಹೊಂದಿಕೊಂಡ ಲೋಹಗಳು ಅವು, ಜೋಡಿ ಬದಲಾದರೆ ಸವೆತ ಮತ್ತೆ ಮೊದಲಿಂದ ಶುರು. ರಾಡ್ ಸೊಟ್ಟಗಿದೆಯಾ ಅಂತ ತಿಳಿಯಲು ಗಾಜಿನ ಮೇಲೆ ಉರುಳಿಸಿ. ಕುಣಿದರೆ ಬೇಡ.

ಕ್ಯಾಮ್ ನೋಡಲು ಡಯಲ್ ಗೇಜ್ ಬೇಕು. ಪುಶ್ ರಾಡ್ ತಲೆಯ ಮೇಲೆ ಅದನ್ನು ನಿಲ್ಲಿಸಿ, ಇಂಜಿನ್ ಕೈಯಲ್ಲಿ ತಿರುಗಿಸಿ, ಎಷ್ಟು ಏಳುತ್ತದೆ ಬರೆಯಿರಿ. ಎಂಟರಲ್ಲಿ ಒಂದು ಕಡಿಮೆ ಎದ್ದರೆ ಆ ಉಬ್ಬು ಸವೆದಿದೆ. ಇನ್ಲೆಟ್ ಉಬ್ಬು ಸವೆದರೆ ಸಿಲಿಂಡರ್ ಉಸಿರು ಕಟ್ಟಿದಂತಾಗುತ್ತದೆ. ಎಕ್ಸಾಸ್ಟ್ ಉಬ್ಬು ಸವೆದರೆ ಹೊಗೆ ಹೊರಗೆ ಹೋಗಲಾರದೆ ಕಾರ್ಬೊರೇಟರ್ ಕಡೆಗೇ ಉಗುಳುತ್ತದೆ. ನಮ್ಮ ಕ್ಯಾಮ್ ಸರಿ ಇತ್ತು, ಉಳಿಯಿತು. ಉಳಿದದ್ದು ಸಣ್ಣ ವಿಷಯವಲ್ಲ. ಕ್ಯಾಮ್ ಹೊರಗೆ ಬರಬೇಕಾದರೆ ರೇಡಿಯೇಟರ್, ಟೈಮಿಂಗ್ ಚೈನ್, ಡಿಸ್ಟ್ರಿಬ್ಯೂಟರ್ ತಿರುಗಿಸುವ ಗೇರ್, ಕೆಳಗಿನ ಆಯಿಲ್ ಚೇಂಬರ್, ಆಯಿಲ್ ಪಂಪ್ ಎಲ್ಲ ಬಿಚ್ಚಬೇಕು. ಟ್ಯಾಪೆಟ್‌ಗಳು ಮಾತ್ರ ಮ್ಯಾನಿಫೋಲ್ಡ್ ಕೆಳಗಿನ ಪಕ್ಕದ ಮುಚ್ಚಳ ತೆಗೆದರೆ ಕೈಗೆ ಸಿಗುತ್ತವೆ. ಅವುಗಳ ಮುಖ ನೋಡಿ. ಕುಳಿ ಬಿದ್ದಿದ್ದರೆ, ಚೆಕ್ಕೆ ಎದ್ದಿದ್ದರೆ ಮುಗಿಯಿತು. ಹೊಸ ಕ್ಯಾಮ್ ಹಾಕಿದರೆ ಎಂಟೂ ಟ್ಯಾಪೆಟ್ ಹೊಸದೇ ಹಾಕಿ. ಹಳೆ ಟ್ಯಾಪೆಟ್ ಹೊಸ ಕ್ಯಾಮನ್ನು ಕೆಲವೇ ದಿನದಲ್ಲಿ ಹಾಳು ಮಾಡುತ್ತದೆ.

ಗೈಡ್, ಧೂಳು ಮತ್ತು ನೀಲಿ ಹೊಗೆ

ವಾಲ್ವ್ ಕಡ್ಡಿ ಮೇಲೆ ಕೆಳಗೆ ಆಡುವ ಕೊಳವೆಯೇ ಗೈಡ್. ಅದು ಸವೆದಿದೆಯಾ ಅಂತ ಹೆಡ್ ಬಿಚ್ಚದೆ ತಿಳಿಯಲು ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಇಳಿಜಾರಿಗಿಂತ ಒಳ್ಳೆ ಜಾಗ ಇಲ್ಲ. ಗೇರಿನಲ್ಲೇ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿಯಿರಿ. ಆಗ ಇಂಜಿನ್ ಒಳಗೆ ಎಳೆತ ಜೋರಾಗಿ, ಸವೆದ ಇನ್ಲೆಟ್ ಗೈಡ್‌ನ ಸಂದಿಯಿಂದ ಆಯಿಲ್ ಸಿಲಿಂಡರ್‌ಗೆ ಇಳಿಯುತ್ತದೆ. ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಒಂದು ಮೋಡ ನೀಲಿ ಹೊಗೆ ಬಂದು ನಿಂತರೆ ಗೈಡ್ ಅಥವಾ ಕಡ್ಡಿಯ ರಬ್ಬರ್ ರಿಂಗ್ ಹೋಗಿದೆ. ಏರು ಹತ್ತುವಾಗ ಬಿಡದೆ ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಕಡೆ ನೋಡಿ.

ನಮ್ಮ ಕಡೆಯ ಗೈಡ್‌ಗಳು ಬೇಗ ಸವೆಯಲು ಧೂಳೂ ಕಾರಣ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಮೊದಲು ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಅದಿರು ಲಾರಿಗಳ ಸಾಲು ಎಬ್ಬಿಸುತ್ತಿದ್ದ ಕೆಂಪು ಧೂಳು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಚಿನ್ನದ ಕೆಲಸದವರು ಪಾಲಿಶ್‌ಗೆ ಬಳಸುವ ಕೆಂಪು ಪುಡಿಯೂ ಇದೇ ಕಬ್ಬಿಣದ ಆಕ್ಸೈಡ್. ಏರ್ ಕ್ಲೀನರ್ ಸರಿ ಇಲ್ಲದೆ ಓಡಿಸಿದರೆ ಆ ಪುಡಿ ಆಯಿಲ್‌ನೊಂದಿಗೆ ಸೇರಿ ಗೈಡಿನೊಳಗೆ ಅದೇ ಕೆಲಸ ಮಾಡುತ್ತದೆ.

ಹೆಡ್ ಬಿಚ್ಚಿದ ಮೇಲೆ ವಾಲ್ವನ್ನು ಸೀಟಿನಿಂದ ಸ್ವಲ್ಪ ಎತ್ತಿ ಪಕ್ಕಕ್ಕೆ ಅಲ್ಲಾಡಿಸಿ. ಕೈಗೆ ಗೊತ್ತಾಗುವಷ್ಟು ಆಡಿದರೆ ಗೈಡ್ ಬದಲಿಸಬೇಕು. ಮೊದಲು ಗೈಡ್, ಆಮೇಲೆ ಸೀಟ್. ಈ ಕ್ರಮ ತಪ್ಪಬಾರದು. ಸೀಟ್ ಕಟಿಂಗ್ ಉಪಕರಣ ಕೂರುವುದು ಗೈಡನ್ನು ನಂಬಿ. ಗೈಡ್ ಸಡಿಲ ಇದ್ದರೆ ಸೀಟ್ ಓರೆಯಾಗುತ್ತದೆ. ಕೊನೆಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಅಂಗೈಗಳ ನಡುವೆ ಕಡಗೋಲಿನ ಹಾಗೆ ತಿರುಗಿಸಿ ಉಜ್ಜಿ. ಸುತ್ತಲೂ ತುಂಡಾಗದ ಒಂದು ಬೂದು ಬಣ್ಣದ ಉಂಗುರ ಕಂಡರೆ ಸಾಕು. ಹೊಳೆಯುವವರೆಗೂ ಉಜ್ಜಬೇಡಿ. ಪೇಸ್ಟನ್ನು ಒಂದು ಕಣವೂ ಉಳಿಯದಂತೆ ತೊಳೆಯಿರಿ. ಸ್ಪ್ರಿಂಗ್ ಕೂರಿಸಿದ ಮೇಲೆ ಪೋರ್ಟಿನೊಳಗೆ ಸೀಮೆಎಣ್ಣೆ ಸುರಿದು ಹತ್ತು ನಿಮಿಷ ಬಿಡಿ. ವಾಲ್ವ್ ಅಂಚಿನಲ್ಲಿ ಒಸರಬಾರದು.

ನಮ್ಮ ಗಾಡಿಗೆ ಕೊನೆಗೆ ಬದಲಾಗಿದ್ದು ಒಂದು ರಾಕರ್ ಶಾಫ್ಟ್, ಎಂಟು ಬುಷ್, ಐದನೇ ವಾಲ್ವ್, ನಾಲ್ಕು ಎಕ್ಸಾಸ್ಟ್ ಗೈಡ್, ರಬ್ಬರ್ ರಿಂಗ್‌ಗಳು, ಹೆಡ್ ಪ್ಯಾಕಿಂಗ್. ಜೋಡಿಸುವಾಗ ಉಜ್ಜುವ ಜಾಗಕ್ಕೆಲ್ಲ ಆಯಿಲ್ ಹಚ್ಚಿದೆವು. ಪ್ಲಗ್ ಹಾಕುವ ಮೊದಲು ಸ್ಟಾರ್ಟರ್ ತಿರುಗಿಸಿ, ರಾಕರ್‌ಗಳ ಮೇಲೆ ಆಯಿಲ್ ಬರುವುದನ್ನು ಕಣ್ಣಾರೆ ನೋಡಿದೆವು. ಹೊಸ ಕ್ಯಾಮ್ ಹಾಕಿದವರು ಮಾತ್ರ ಇನ್ನೊಂದು ಮಾಡಬೇಕು. ಚಾಲೂ ಆದ ಕೂಡಲೇ ಇಪ್ಪತ್ತು ನಿಮಿಷ 2000 ಸುತ್ತಿನ ಆಸುಪಾಸಿನಲ್ಲಿ ಓಡಿಸಬೇಕು, ಐಡಲ್‌ಗೆ ಬಿಡಬಾರದು. ಕ್ಯಾಮ್ ಮೇಲೆ ಆಯಿಲ್ ಚಿಮ್ಮುವುದು ವೇಗ ಇದ್ದಾಗಲೇ.

ಹೊಸ ಪ್ಯಾಕಿಂಗ್ ಬಿಸಿಗೆ ಕೂತ ಮೇಲೆ ಹೆಡ್ ನಟ್ ಸ್ವಲ್ಪ ಸಡಿಲ ಆಗುತ್ತದೆ. ಹಾಗಾಗಿ 500 ಕಿಲೋಮೀಟರ್ ಆದ ಮೇಲೆ ನಟ್ ಮತ್ತೆ ಬಿಗಿ ಮಾಡಿ ಗ್ಯಾಪ್ ನೋಡಬೇಕು. ಅಪ್ಪ ಆ 500 ಕಿಲೋಮೀಟರ್‌ಗಾಗಿ ನಾಲ್ಕು ಭಾನುವಾರ ಹೊಸಪೇಟೆಯ ಡ್ಯಾಮ್‌ವರೆಗೂ ಹೋಗಿ ಬಂದರು. ಐದನೇ ಭಾನುವಾರ ಬೆಳಗ್ಗೆ ಉಸ್ತಾದ್ ಮನೆಗೇ ಬಂದರು. ಮುಚ್ಚಳ ತೆಗೆದು ಮತ್ತೆ ಸ್ಕ್ರೂಡ್ರೈವರ್ ಕಿವಿಗೆ ಇಟ್ಟುಕೊಂಡರು. "ಎಂಟೂ ಮಾತಾಡ್ತಾವೆ ಸಾಹೇಬ್ರೇ" ಅಂತ ಅಪ್ಪನಿಗೆ ಹೇಳಿದರು. ನಾನು ಹ್ಯಾಂಡಲ್ ತಿರುಗಿಸಿದೆ, ಅವರು ಅಳತೆ ಹೇಳುತ್ತಾ ಹೋದರು, ಅಪ್ಪ ನೋಟ್‌ಬುಕ್ಕಿನ ಮೊದಲ ಸಾಲು ಬರೆದರು.